ಅರ್ಧ ಎಕರೆ ಗದ್ದೆ ಮಾರಿ ಮಗಳನ್ನು ಬೆಂಗಳೂರಿನಲ್ಲಿ ಓದಿಸಬೇಕಾ?

ಪ್ರಶ್ನೆ: ನಮ್ಮದು ಹರಿಹರ ತಾಲ್ಲೂಕಿನ ಒಂದು ಹಳ್ಳಿ. ಭದ್ರಾ ಚಾನೆಲ್ ನೀರು ಬರುವ ಎರಡು ಎಕರೆ ಗದ್ದೆ ಇದೆ. ನಾನು ರೈಸ್‌ಮಿಲ್ಲಿನಲ್ಲಿ ರೈಟರ್, ಮನೆಯವರು ಬಟ್ಟೆ ಹೊಲಿಯುತ್ತಾರೆ. ಎಲ್ಲ ಸೇರಿ ತಿಂಗಳಿಗೆ 35 ಸಾವಿರ ಬರುತ್ತದೆ, 27 ಸಾವಿರ ಖರ್ಚು. ಬ್ಯಾಂಕಿನಲ್ಲಿ ಎರಡೂವರೆ ಲಕ್ಷ ಇಟ್ಟಿದ್ದೇವೆ. ಮಗಳು ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ, ಆಮೇಲೆ ದಾವಣಗೆರೆಯಲ್ಲಿ ಪಿಯುಸಿ ಸೈನ್ಸ್ ಓದಿದಳು. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ 38 ಸಾವಿರ ಚಿಲ್ಲರೆ ಬಂದಿದೆ. ಬೆಂಗಳೂರಿನಲ್ಲೇ ಕಂಪ್ಯೂಟರ್ ಸೈನ್ಸ್ ಓದುವ ಆಸೆ ಅವಳಿಗೆ. ಗೆಳತಿಯರೆಲ್ಲ ಅಲ್ಲಿಗೇ ಹೊರಟಿದ್ದಾರೆ. ಒಬ್ಬ ಏಜೆಂಟ್ ಫೋನ್ ಮಾಡಿ, ಅಲ್ಲಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಇದೆ, ಡೊನೇಷನ್ 6 ಲಕ್ಷ, ಫೀಸು ವರ್ಷಕ್ಕೆ ಎರಡೂವರೆ ಲಕ್ಷ, ಈ ವಾರವೇ 50 ಸಾವಿರ ಕೊಟ್ಟು ಬುಕ್ ಮಾಡಿ ಅನ್ನುತ್ತಿದ್ದಾನೆ. ಅರ್ಧ ಎಕರೆ ಮಾರಿದರೆ ಹೇಗೋ ಆಗುತ್ತದೆ. ಮಗ ಒಂಬತ್ತನೇ ಕ್ಲಾಸು. ಮಗಳಿಗೆ ‘ಆಗಲ್ಲ’ ಅನ್ನಲು ಬಾಯಿ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅವಸರದ ಮಾತು. ಆ 50 ಸಾವಿರ ಕೊಡಬೇಡಿ. ಗದ್ದೆಯ ವಿಷಯ ಸದ್ಯಕ್ಕೆ ಯಾರ ಹತ್ತಿರವೂ ಎತ್ತಬೇಡಿ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ತುಂಬುವುದು, ಇನ್ನೂ ಶುರುವಾಗಿಲ್ಲ, ನಿಮ್ಮ ಮಗಳ ರ‍್ಯಾಂಕಿಗೆ ಏನು ಸಿಗುತ್ತದೆ ಅನ್ನುವುದೇ ಇನ್ನೂ ಗೊತ್ತಿಲ್ಲ. ಏಜೆಂಟರು ಫೋನ್ ಮಾಡುವುದು ಸರಿಯಾಗಿ ಈ ಹೊತ್ತಿನಲ್ಲೇ. ರ‍್ಯಾಂಕ್ ಬಂದಾದ ಮೇಲೆ, ಸೀಟು ಸಿಗುವ ಮುಂಚೆ, ಅಪ್ಪಂದಿರಿಗೆ ನಿದ್ದೆ ಬರದ ಹದಿನೈದು ಇಪ್ಪತ್ತು ದಿನ ಇರುತ್ತವಲ್ಲ, ಆ ದಿನಗಳಲ್ಲಿ. ಡೊನೇಷನ್ ತೆಗೆದುಕೊಳ್ಳುವುದಂತೂ ನಮ್ಮ ರಾಜ್ಯದಲ್ಲಿ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೇ ಅದಕ್ಕೆ ರಸೀದಿ ಇರುವುದಿಲ್ಲ. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸೀಟು ಕೈತಪ್ಪಿದರೆ ಆ ದುಡ್ಡು ವಾಪಸ್ ಕೊಡಿ ಅಂತ ಕೇಳಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ನಾನು ಇಪ್ಪತ್ತಾರು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟವನು. ರಿಟೈರ್ ಆದ ಮೇಲೂ ಪ್ರತಿ ಜೂನ್‌ನಲ್ಲಿ ಮನೆಗೆ ಹುಡುಗರು, ಅಪ್ಪ ಅಮ್ಮಂದಿರು ಆಪ್ಷನ್ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ನಾನು ನೋಡಿದ ಹಾಗೆ ಹೆಚ್ಚಿನ ಮನೆಗಳಲ್ಲಿ ಕಾಲೇಜು ಮೊದಲು ಗೊತ್ತಾಗುತ್ತದೆ, ದುಡ್ಡಿನ ಮಾತು ಆಮೇಲೆ ಬರುತ್ತದೆ. ಅದು ಉಲ್ಟಾ ಆಗಬೇಕು. ‘ನಾಲ್ಕು ವರ್ಷಕ್ಕೆ ನಮ್ಮಿಂದ ಇಷ್ಟು ಆಗುತ್ತದೆ’ ಅನ್ನುವ ಒಂದು ಅಂಕಿ ಆಪ್ಷನ್ ಎಂಟ್ರಿಗೆ ಮುಂಚೆಯೇ ಮಗಳಿಗೆ ಗೊತ್ತಿರಬೇಕು. ಯಾಕೆ ಅಂದರೆ ದುಡ್ಡಿನ ತೀರ್ಮಾನ ಆಗುವುದು ಬ್ಯಾಂಕಿನಲ್ಲಲ್ಲ. ಅವಳು ಮೊಬೈಲಿನಲ್ಲಿ ಯಾವ ಕಾಲೇಜನ್ನು ಒಂದನೇ ನಂಬರಿಗೆ, ಯಾವುದನ್ನು ಎರಡನೇ ನಂಬರಿಗೆ ಹಾಕುತ್ತಾಳೆ ಅನ್ನುವುದರಲ್ಲೇ ಅದು ಆಗಿಹೋಗುತ್ತದೆ.

ಆ ಅಂಕಿಯನ್ನು ನಾವೇ ಕೂತು ತೆಗೆಯೋಣ. ಎರಡೂವರೆ ಲಕ್ಷದಲ್ಲಿ 50 ಸಾವಿರ ಮುಟ್ಟಬೇಡಿ, ಆಸ್ಪತ್ರೆ ಗೀಸ್ಪತ್ರೆ ಅಂತ ಬೇಕಾಗುತ್ತದೆ. ಉಳಿದದ್ದು 2 ಲಕ್ಷ. ತಿಂಗಳಿಗೆ 8 ಸಾವಿರ ಉಳಿಯುತ್ತದೆ ಅಂದಿರಿ. ಮಿಲ್ಲು ವರ್ಷಪೂರ್ತಿ ಒಂದೇ ಥರ ನಡೆಯುವುದಿಲ್ಲ, ಒಂದು ಬೆಳೆ ಕೈಕೊಡಬಹುದು. ಹಾಗಾಗಿ 6 ಸಾವಿರ ಅಂತಲೇ ಇಟ್ಟುಕೊಳ್ಳಿ. 48 ತಿಂಗಳಿಗೆ 2 ಲಕ್ಷ 88 ಸಾವಿರ ಆಯಿತು. ಎರಡೂ ಸೇರಿ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಇದು ನಿಮ್ಮ ಸ್ವಂತ ದುಡ್ಡು. ಇದರ ಮೇಲೆ 3 ಲಕ್ಷದವರೆಗೆ ಸಾಲ ಮಾಡಬಹುದು. 3 ಲಕ್ಷ ಯಾಕೆ, ಏಳೂವರೆ ಲಕ್ಷ ಯಾಕಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ. ಒಟ್ಟು 8 ಲಕ್ಷ. ನಿಮ್ಮ ಮನೆಯ ಅಂಕಿ ಇದು.

ಈಗ ಅತ್ತ ಕಡೆಯ ಲೆಕ್ಕ. ನಮ್ಮ ಖಾಸಗಿ ಕಾಲೇಜುಗಳಲ್ಲಿ ಒಂದು ವಿಚಿತ್ರ ಇದೆ. ಒಂದೇ ಬೆಂಚಿನ ಮೇಲೆ ಮೂವರು ಕೂತಿರುತ್ತಾರೆ, ಪಾಠ ಒಂದೇ, ಸಿಗುವ ಡಿಗ್ರಿ ಒಂದೇ, ಕಟ್ಟಿದ ದುಡ್ಡು ಮಾತ್ರ ಬೇರೆ ಬೇರೆ. ಸಿಇಟಿ ಮೂಲಕ ಸರ್ಕಾರಿ ಕೋಟಾದಲ್ಲಿ ಬಂದವನದು ವರ್ಷಕ್ಕೆ ಲಕ್ಷದ ಆಸುಪಾಸು. ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ ಕಾಮೆಡ್‌ಕೆ ಮೂಲಕ ಬಂದವನದು ಅದರ ಎರಡು ಮೂರು ಪಟ್ಟು. ಮ್ಯಾನೇಜ್‌ಮೆಂಟ್ ಸೀಟಿನವನದು ಅವರು ಹೇಳಿದಷ್ಟು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಹೋದರೆ ವರ್ಷಕ್ಕೆ 40ರಿಂದ 50 ಸಾವಿರದೊಳಗೆ ಮುಗಿಯುತ್ತದೆ. ಶುಲ್ಕ ಪ್ರತಿ ವರ್ಷ ಸ್ವಲ್ಪ ಏರುತ್ತದೆ. ಈ ವರ್ಷದ ಸರಿಯಾದ ಅಂಕಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ ಪಟ್ಟಿಯಲ್ಲಿ ನೋಡಿಕೊಳ್ಳಿ. ನಾನು ಇಲ್ಲಿ ದುಂಡಗಿನ ಅಂಕಿಯಲ್ಲೇ ಲೆಕ್ಕ ಹಾಕುತ್ತೇನೆ.

ಏಜೆಂಟ್ ಹೇಳಿದ ಸೀಟು: ಡೊನೇಷನ್ 6 ಲಕ್ಷ, ಫೀಸು ನಾಲ್ಕು ವರ್ಷಕ್ಕೆ 10 ಲಕ್ಷ. ಪಿಜಿ ಮತ್ತು ಊಟ ತಿಂಗಳಿಗೆ 9 ಸಾವಿರ ಅಂದರೂ ವರ್ಷಕ್ಕೆ 1 ಲಕ್ಷ, ನಾಲ್ಕು ವರ್ಷಕ್ಕೆ 4 ಲಕ್ಷ. ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಹಬ್ಬಕ್ಕೆ ಊರಿಗೆ ಬರುವುದು, ಪ್ರಾಜೆಕ್ಟು ಅಂತ ಇನ್ನೊಂದು ಲಕ್ಷ. ಒಟ್ಟು 21 ಲಕ್ಷ.

ಬೆಂಗಳೂರಿನಲ್ಲೇ ಖಾಸಗಿ ಕಾಲೇಜು, ಆದರೆ ಸಿಇಟಿ ಸೀಟು: ಕಾಲೇಜಿನ ಇತರೆ ಶುಲ್ಕ ಸೇರಿಸಿ ವರ್ಷಕ್ಕೆ 1 ಲಕ್ಷ 20 ಸಾವಿರ ಅಂತಿಟ್ಟರೆ ನಾಲ್ಕು ವರ್ಷಕ್ಕೆ 4 ಲಕ್ಷ 80 ಸಾವಿರ. ಪಿಜಿ 4 ಲಕ್ಷ, ಮೇಲುಖರ್ಚು 1 ಲಕ್ಷ. ಹತ್ತಿರ ಹತ್ತಿರ 10 ಲಕ್ಷ.

ದಾವಣಗೆರೆಯಲ್ಲಿ ಖಾಸಗಿ ಕಾಲೇಜಿನ ಸಿಇಟಿ ಸೀಟು, ಮನೆಯಿಂದ ಓಡಾಟ: 6 ಲಕ್ಷ. ಅಲ್ಲೇ ಸರ್ಕಾರಿ ಶುಲ್ಕದ ಸೀಟು ಸಿಕ್ಕರೆ 3 ಲಕ್ಷ.

ಗಮನಿಸಿದಿರಾ? ಬೆಂಗಳೂರಿನ ಸಿಇಟಿ ಸೀಟಿನಲ್ಲಿ ಕಾಲೇಜಿಗೆ ಎಷ್ಟು ಹೋಗುತ್ತದೋ ಹೆಚ್ಚು ಕಡಿಮೆ ಅಷ್ಟೇ ದುಡ್ಡು ಪಿಜಿಗೂ ಹೋಗುತ್ತದೆ. ಅಪ್ಪಂದಿರು ಬಂದು ‘ಫೀಸು ಎಷ್ಟು ಸಾರ್’ ಅಂತ ಕೇಳುತ್ತಾರೆಯೇ ಹೊರತು ‘ಪಿಜಿ ಎಷ್ಟು’ ಅಂತ ಕೇಳುವವರು ಕಡಿಮೆ. ಹರಿಹರದಿಂದ ದಾವಣಗೆರೆ ಹದಿನೈದು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಪಿಯುಸಿಗೆ ದಿನಾ ಅದೇ ದಾರಿಯಲ್ಲಿ ಹೋಗಿ ಬಂದವಳಲ್ವಾ? ಬೆಳಗಿನ ಡಬ್ಬಿ ಒಂದು ಕಟ್ಟಿಕೊಟ್ಟರೆ ಆಯಿತು. ನಾಲ್ಕು ಲಕ್ಷ ಉಳಿಯುವುದು ಆ ಡಬ್ಬಿಯಲ್ಲಿ.

ನನ್ನ ಮನೆಯದೇ ಕತೆ ಹೇಳುತ್ತೇನೆ. ಊರಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ಮಗನ ವಿಷಯದಲ್ಲಿ ಮೊದಲ ವರ್ಷದ ಫೀಸು ಮಾತ್ರ ನೋಡಿದ್ದೆ. ಸೇರಿಸಿದ ದಿನ ಕೌಂಟರಿನಲ್ಲಿ ‘ಸ್ಕಿಲ್ ಫೀಸು’ ಅಂದರು. ಎರಡನೇ ವರ್ಷ ಬಸ್ ಫೀಸು ಏರಿತು. ಮೂರನೇ ವರ್ಷ ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ ಇನ್ನೊಂದು ಚಲನ್ ಬಂತು. ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ. ಐದನೇ ಸೆಮಿಸ್ಟರಿನಲ್ಲಿ ನನ್ನ ಹೆಂಡತಿ ಏನೂ ಮಾತಾಡದೆ ಎರಡು ಬಳೆ ತೆಗೆದು ಟೇಬಲ್ ಮೇಲೆ ಇಟ್ಟಳು. ಆ ಕಾಲೇಜಿನ ಹೆಸರು ಬೇಡ ಬಿಡಿ. ನೀವು ಮಾತ್ರ ಯಾವ ಕಾಲೇಜಿಗೆ ಹೋದರೂ ‘ನಾಲ್ಕು ವರ್ಷದ ಎಲ್ಲ ಶುಲ್ಕವನ್ನೂ ಬರೆದುಕೊಡಿ’ ಅಂತ ಆಫೀಸಿನಲ್ಲಿ ಕೇಳಿ. ಕೊಡದಿದ್ದರೆ ಅಲ್ಲಿ ಓದುತ್ತಿರುವ ಮೂರನೇ ವರ್ಷದ ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ. ಅವರಿಗೆ ಎಲ್ಲ ಗೊತ್ತಿರುತ್ತದೆ, ಹೇಳಲು ಕಾಯುತ್ತಲೂ ಇರುತ್ತಾರೆ.

ಈಗ ನಿಮ್ಮ ಪತ್ರದಲ್ಲಿ ನೀವೇ ಗಮನಿಸದೆ ಬರೆದ ಒಂದು ಸಾಲಿಗೆ ಬರುತ್ತೇನೆ. ‘ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆ.’ ಸ್ವಾಮಿ, ಇದು ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಬೇರೆ ಇದೆ. ಕೆಇಎ ಪ್ರಕಟಿಸುವ ಹಳೆಯ ವರ್ಷದ ಕಟ್‌ಆಫ್ ಪಟ್ಟಿ ತೆಗೆದು ನೋಡಿ. ಪ್ರತಿ ಪ್ರವರ್ಗದ ಮುಂದೆ ಮೂರು ಕಾಲಂ ಇರುತ್ತವೆ. ಜಿಎಂ, ಜಿಎಂಕೆ, ಜಿಎಂಆರ್. 2ಎ ಆದರೆ 2ಎಜಿ, 2ಎಕೆ, 2ಎಆರ್. ‘ಜಿಎಂ’ ಅಂದರೆ ಜನರಲ್ ಮೆರಿಟ್, ‘ಕೆ’ ಅಂದರೆ ಕನ್ನಡ ಮಾಧ್ಯಮ, ‘ಆರ್’ ಅಂದರೆ ಗ್ರಾಮೀಣ. ಎಷ್ಟೋ ಕಾಲೇಜುಗಳಲ್ಲಿ ಸಾಮಾನ್ಯ ಕಾಲಂನಲ್ಲಿ ನಿಂತುಹೋದ ರ‍್ಯಾಂಕು ಈ ಎರಡು ಕಾಲಂಗಳಲ್ಲಿ ಇನ್ನೂ ಮುಂದಕ್ಕೆ ಹೋಗಿರುತ್ತದೆ. ನೀವು ನೋಡಬೇಕಾದದ್ದು ಆ ಕಾಲಂಗಳನ್ನು.

ಆದರೆ ಇದೆಲ್ಲ ಸಿಗಬೇಕಾದರೆ ಸಿಇಟಿ ಅರ್ಜಿ ತುಂಬುವಾಗಲೇ ‘ಗ್ರಾಮೀಣ: ಹೌದು’, ‘ಕನ್ನಡ ಮಾಧ್ಯಮ: ಹೌದು’ ಅಂತ ಕೊಟ್ಟಿರಬೇಕು. ಇವತ್ತೇ ಅರ್ಜಿಯ ಪ್ರಿಂಟ್ ತೆಗೆದು ನೋಡಿ. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ‘ಇಲ್ಲ’ ಅಂತ ಒತ್ತಿದ್ದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಹಾಗಾಗಿದ್ದರೆ ಕೂಡಲೇ ಕೆಇಎಗೆ ಬರೆಯಿರಿ. ತಿದ್ದುಪಡಿಗೆ ಒಂದೆರಡು ದಿನ ಅವಕಾಶ ಕೊಟ್ಟ ವರ್ಷಗಳಿವೆ, ಆ ದಿನ ತಪ್ಪಿಸಿಕೊಳ್ಳಬೇಡಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ತರರ ಸಹಿ, ಅದರ ಮೇಲೆ ಬಿಇಒ ಸಹಿ ಎರಡೂ ಇರಲಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಅರ್ಜಿಯಲ್ಲಿರುವ ಹೆಸರಿಗೆ ತಾಳೆಯಾಗಬೇಕು. ಇನಿಶಿಯಲ್ ಒಂದು ಆಚೀಚೆ ಆದರೂ ಕಂಪ್ಯೂಟರ್ ಒಪ್ಪುವುದಿಲ್ಲ.

ಇನ್ನೊಂದು ದಾರಿ ಇದೆ, ಹಳ್ಳಿ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಸ್‌ಎನ್‌ಕ್ಯೂ ಅನ್ನುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಅಂದರೆ 60ರ ಕ್ಲಾಸಿಗೆ 3. ಅದಕ್ಕೆ ಬೋಧನಾ ಶುಲ್ಕ ಮಾಫಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಸಾಕು, ಜಾತಿ ಪ್ರಶ್ನೆ ಬರುವುದಿಲ್ಲ. ನಿಮ್ಮದು ಮೇಲೆ ಹೇಳಿದ ಲೆಕ್ಕದಲ್ಲಿ 4 ಲಕ್ಷ 20 ಸಾವಿರ. ಈ ಸೀಟು ಬೆಂಗಳೂರಿನಲ್ಲಿ ಸಿಕ್ಕರೆ 10 ಲಕ್ಷದ ಲೆಕ್ಕ 6-7 ಲಕ್ಷಕ್ಕೆ ಇಳಿಯುತ್ತದೆ. ಆದರೆ ಸಿಕ್ಕಿದೆಯೋ ಇಲ್ಲವೋ ಅಂತ ಅಲಾಟ್‌ಮೆಂಟ್ ಬಂದಾಗಲೇ ಗೊತ್ತಾಗುವುದು. ಸಿಕ್ಕೇ ಸಿಗುತ್ತದೆ ಅಂತ ನಂಬಿ ಪಟ್ಟಿ ಮಾಡಬೇಡಿ. ಬೋನಸ್ ಅಂದುಕೊಳ್ಳಿ.

ಆಪ್ಷನ್ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲೇ ಜನ ಎಡವುವುದು. ನೀವು ನೂರು ಆಪ್ಷನ್ ಬೇಕಾದರೂ ಕೊಡಬಹುದು. ಕಂಪ್ಯೂಟರು ಮೇಲಿನಿಂದ ಓದುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಎಲ್ಲಿ ಮೊದಲು ಸೀಟು ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ. ಅದರ ಕೆಳಗಿನ ಆಪ್ಷನ್‌ಗಳೆಲ್ಲ ಅಳಿಸಿಹೋಗುತ್ತವೆ, ಮುಂದಿನ ಸುತ್ತಿನಲ್ಲೂ ಅವು ವಾಪಸ್ ಬರುವುದಿಲ್ಲ. ಹಾಗಾಗಿ ‘ಸುಮ್ನೆ ಹಾಕಿರೋಣ, ಸಿಕ್ಕಾಗ ನೋಡೋಣ’ ಅನ್ನುವ ಆಟ ನಡೆಯುವುದಿಲ್ಲ. ದುಡ್ಡು ಹೊಂದಿಸಲಾಗದ ಕಾಲೇಜನ್ನು 7ನೇ ನಂಬರಿಗೆ ಹಾಕಿ, ಮನೆ ಹತ್ತಿರದ ಕಾಲೇಜನ್ನು 12ನೇ ನಂಬರಿಗೆ ಹಾಕಿದರೆ, 7ರಲ್ಲಿ ಸಿಕ್ಕ ಕ್ಷಣ 12 ಹೋಯಿತು.

ನಾಲ್ಕೈದು ವರ್ಷದ ಹಿಂದೆ ಒಬ್ಬ ಹುಡುಗಿ, ಜಾಣೆ, ಗೆಳತಿಯ ಪಟ್ಟಿಯನ್ನೇ ನೋಡಿಕೊಂಡು ತನ್ನದನ್ನೂ ತುಂಬಿದ್ದಳು. ಅಪ್ಪ ಹೋಟೆಲಿನಲ್ಲಿ ಅಡುಗೆ ಭಟ್ಟರು. ಪಾಸ್‌ವರ್ಡ್ ಏನು, ಒಟಿಪಿ ಯಾಕೆ ಬಂತು ಅಂತ ಅವರಿಗೆ ಗೊತ್ತಿರಲಿಲ್ಲ. ಸೀಟು ಬಂದ ಸಂಜೆ ಸ್ವೀಟ್ ಬಾಕ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು, ಒಳಗೆ ಬರಲಿಲ್ಲ. ಫೀಸಿನ ಅಂಕಿ ಅಷ್ಟು ಹೊತ್ತಿಗೆ ಅವಳಿಗೆ ಗೊತ್ತಾಗಿತ್ತು, ಅಪ್ಪನಿಗೆ ಇನ್ನೂ ಗೊತ್ತಾಗಿರಲಿಲ್ಲ. ಕೊನೆಗೆ ಆ ಸೀಟು ಬಿಟ್ಟರು. ಅವಳ ಒಂದು ವರ್ಷ ಹೋಯಿತು.

‘ಆಗಲ್ಲ’ ಅನ್ನಲು ಬಾಯಿ ಬರುತ್ತಿಲ್ಲ ಅಂದಿರಿ. ನೀವು ಆ ಮಾತು ಹೇಳಬೇಕಾಗಿಯೇ ಇಲ್ಲ. ‘ಇಷ್ಟು ಆಗುತ್ತದೆ’ ಅಂತ ಹೇಳಿ. ಒಂದು ರಾತ್ರಿ ಊಟ ಆದ ಮೇಲೆ ಟಿವಿ ಆಫ್ ಮಾಡಿ ಮೂವರೂ ಕೂತುಕೊಳ್ಳಿ. ಮಗನೂ ಕೂತರೆ ಒಳ್ಳೆಯದೇ. ಒಂದು ನೋಟ್‌ಬುಕ್ ತೆಗೆಯಿರಿ, ಬ್ಯಾಂಕ್ ಪಾಸ್‌ಬುಕ್ ಅವಳ ಕೈಗೇ ಕೊಡಿ. ಮೇಲಿನ ಲೆಕ್ಕವನ್ನು ಅವಳ ಕೈಯಲ್ಲೇ ಬರೆಸಿ. ನೀವು ಬರೆದು ತೋರಿಸಿದರೆ ಅದು ಅಪ್ಪನ ತೀರ್ಪು ಆಗುತ್ತದೆ, ಅವಳೇ ಕೂಡಿಸಿದರೆ ಅವಳ ಲೆಕ್ಕ ಆಗುತ್ತದೆ. ಹದಿನೆಂಟರ ಮಕ್ಕಳಿಗೆ ಮನೆಯ ಪರಿಸ್ಥಿತಿ ಗೊತ್ತಿರುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅಮ್ಮ ರಾತ್ರಿ ಹನ್ನೊಂದರವರೆಗೆ ಯಾಕೆ ಮಿಷನ್ ತುಳಿಯುತ್ತಾಳೆ ಅಂತ ಅವಳಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಅಂಕಿ ಮಾತ್ರ. ಅಂಕಿ ಗೊತ್ತಿಲ್ಲದಾಗ ಮಕ್ಕಳು ಎರಡರಲ್ಲಿ ಒಂದು ಮಾಡುತ್ತಾರೆ: ಒಂದೋ ಹಟ, ಇಲ್ಲವೇ ಏನನ್ನೂ ಕೇಳದೆ ಆಸೆ ನುಂಗಿಕೊಳ್ಳುವುದು. ಎರಡನೆಯದು ಇನ್ನೂ ಕೆಟ್ಟದ್ದು.

ಒಂದು ಮಾತು ಮಾತ್ರ ಆಡಬೇಡಿ: ‘ನಿನಗೋಸ್ಕರ ಗದ್ದೆ ಮಾರುತ್ತಿದ್ದೇನೆ.’ ಅವಳು ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲಾದರೆ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ವರ್ಷ ಇದು ಆಗುವುದುಂಟು, ಆ ಅರ್ಧ ಎಕರೆ ಅವಳ ತಲೆ ಮೇಲೆ ಕೂರುತ್ತದೆ. ಮನೆಗೆ ಫೋನ್ ಮಾಡುವುದನ್ನೇ ನಿಲ್ಲಿಸುತ್ತಾಳೆ.

ಸಾಲದ ಲೆಕ್ಕ ಹೇಳುತ್ತೇನೆ ಅಂದಿದ್ದೆ. ಶಿಕ್ಷಣ ಸಾಲದ ಕಂತು ಶುರುವಾಗುವುದು ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ದುಡ್ಡು ಕೊಟ್ಟ ದಿನದಿಂದಲೇ ಓಡುತ್ತದೆ. ಏಳೂವರೆ ಲಕ್ಷ ಸಾಲ, ನಾಲ್ಕು ಸಮ ಕಂತಿನಲ್ಲಿ ಬಿಡುಗಡೆ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಕಂತು ಕಟ್ಟಲು ಶುರುಮಾಡುವ ಹೊತ್ತಿಗೆ ಸರಳ ಬಡ್ಡಿಯಲ್ಲೇ ಅದು 10 ಲಕ್ಷ 12 ಸಾವಿರ ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳಿಗೆ 13,400 ರೂಪಾಯಿ. ಕೊನೆಗೆ ಕಟ್ಟಿದ್ದು 16 ಲಕ್ಷ. ಮೊದಲ ಕೆಲಸದಲ್ಲಿ ಕೈಗೆ 25 ಸಾವಿರ ಬಂದರೆ ಅದರಲ್ಲಿ ಅರ್ಧ ಬ್ಯಾಂಕಿಗೆ. 3 ಲಕ್ಷದ ಸಾಲವಾದರೆ ಅದೇ ಲೆಕ್ಕದಲ್ಲಿ 4 ಲಕ್ಷ 5 ಸಾವಿರ ಆಗುತ್ತದೆ, ಏಳು ವರ್ಷಕ್ಕೆ ತಿಂಗಳಿಗೆ 6,700. ಬೆವರು ಬರುತ್ತದೆ, ಆದರೆ ಉಸಿರು ಕಟ್ಟುವುದಿಲ್ಲ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಅದು ಸಿಕ್ಕರೆ ಕಂತು 5 ಸಾವಿರದೊಳಗೆ ಬರುತ್ತದೆ. ನೀವು ಆ ಗೆರೆಯ ಒಳಗಿದ್ದೀರಿ. ಅರ್ಜಿ ಹಾಕುವುದು ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. ಮ್ಯಾನೇಜ್‌ಮೆಂಟ್ ಸೀಟಿಗೆ ಈ ನೆರವು ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಬ್ಯಾಂಕಿಗಿಂತ ಮುಂಚೆ ನಿಮ್ಮ ಸಮುದಾಯದ ಅಭಿವೃದ್ಧಿ ನಿಗಮವನ್ನು ಕೇಳಿ. ನಿಮ್ಮ ಪ್ರವರ್ಗ ನೀವು ಬರೆದಿಲ್ಲ. ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳಲ್ಲಿ ‘ಅರಿವು’ ಅಂತ, ವೀರಶೈವ ಲಿಂಗಾಯತ ನಿಗಮದಲ್ಲಿ ‘ಬಸವ ಬೆಳಗು’ ಅಂತ ಸಾಲ ಯೋಜನೆಗಳಿವೆ. ಅರಸು ನಿಗಮದ್ದು ಶೇ 2ರ ಬಡ್ಡಿ. ಸಿಇಟಿ ಮೂಲಕ ಸೀಟು ಪಡೆದವರಿಗೆ ಮಾತ್ರ. ಹಣ ತಡವಾಗಿ ಬರುತ್ತದೆ ಅನ್ನುವುದು ಎಲ್ಲರ ದೂರು, ಅದನ್ನು ನಂಬಿ ಮೊದಲ ವರ್ಷದ ಫೀಸು ನಿಲ್ಲಿಸಬೇಡಿ. ವಿದ್ಯಾರ್ಥಿವೇತನದ ಅರ್ಜಿಗಳೆಲ್ಲ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಜಮೀನಿದ್ದವರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಅಂತ ಶುರುವಾಯಿತು, ಈ ವರ್ಷದ ಸ್ಥಿತಿ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ನೋಡಿ. ಮಂಜೂರಾದ ದುಡ್ಡು ಇದೊಂದಕ್ಕೇ ತಿಂಗಳುಗಟ್ಟಲೆ ನಿಂತಿರುತ್ತದೆ.

ಸೀಟು ಬಂದ ಮೇಲೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಆದ್ದರಿಂದ ಮೊದಲ ವರ್ಷದ ಅಷ್ಟೂ ದುಡ್ಡು ಎಫ್‌ಡಿಯಲ್ಲಿ ಕೂತಿರದೆ ಎಸ್‌ಬಿ ಖಾತೆಯಲ್ಲಿರಲಿ.

ಇನ್ನು ಕಾಲೇಜು. ದಾವಣಗೆರೆಯಲ್ಲಿ ಯುಬಿಡಿಟಿ ಇದೆ, 1951ರಷ್ಟು ಹಳೆಯದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ ಘಟಕ ಕಾಲೇಜು. ಆದರೆ ಅಲ್ಲಿ ಎಲ್ಲ ಸೀಟಿಗೂ ಒಂದೇ ಶುಲ್ಕ ಅಂದುಕೊಳ್ಳಬೇಡಿ. ಒಂದಷ್ಟು ಸೀಟಿಗೆ ಜಾಸ್ತಿ ಶುಲ್ಕ ಇಟ್ಟಿದ್ದನ್ನು ವಿರೋಧಿಸಿ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಆಪ್ಷನ್ ಹಾಕುವಾಗ ಶುಲ್ಕದ ಕಾಲಂ ನೋಡಿಯೇ ಹಾಕಿ. ರೈಲಿನ ಹಾದಿಯಲ್ಲಿ ಹಾವೇರಿ ಹತ್ತಿರ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಸರ್ಕಾರಿ ಕಾಲೇಜುಗಳನ್ನು ನಾನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಗಳಿವೆ. ಹೋಗಿ ನೋಡಿ. ಓಪನ್ ಡೇ ಅಲ್ಲ, ಯಾವುದಾದರೂ ಸಾಮಾನ್ಯ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಕ್ಲಾಸಿನಲ್ಲಿ ಮೇಷ್ಟ್ರು ಇದ್ದಾರಾ, ಲ್ಯಾಬಿನ ಕಂಪ್ಯೂಟರ್ ಆನ್ ಆಗುತ್ತವಾ, ಅಷ್ಟು ಸಾಕು. ಖಾಸಗಿ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಹೋರ್ಡಿಂಗ್ ಮೇಲೆ ‘ಹೈಯೆಸ್ಟ್ ಪ್ಯಾಕೇಜ್’ ಅಂತ ಒಬ್ಬನ ಫೋಟೋ ಇರುತ್ತದೆ. ಉಳಿದವರು ಎಲ್ಲಿ ಹೋದರು ಅಂತ ಕೇಳಿ. ಈ ಬ್ರಾಂಚಿನಲ್ಲಿ ಕಳೆದ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನವನ ಸಂಬಳ ಎಷ್ಟು?

ಬೆಂಗಳೂರು ಪೂರ್ತಿ ಮುಚ್ಚಿದ ಬಾಗಿಲಲ್ಲ. ಕೆ.ಆರ್. ಸರ್ಕಲ್‌ನಲ್ಲಿ ಎದುರುಬದುರು ಎರಡು ಕಾಲೇಜುಗಳಿವೆ. ಒಂದು ವಿಶ್ವೇಶ್ವರಯ್ಯನವರ ಕಾಲದ, 1917ರ ಯುವಿಸಿಇ. 38 ಸಾವಿರಕ್ಕೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದಿಲ್ಲ, ಆ ಆಸೆ ಬೇಡ. ಬೇರೆ ಬ್ರಾಂಚುಗಳ ‘ಆರ್’, ‘ಕೆ’ ಕಾಲಂ ನೋಡಿ. ಇನ್ನೊಂದು ಜವಳಿ ತಂತ್ರಜ್ಞಾನಕ್ಕೆ ಹೆಸರಾದ ಸರ್ಕಾರಿ ಎಸ್‌ಕೆಎಸ್‌ಜೆಟಿಐ. ಸರ್ಕಾರಿ ಶುಲ್ಕ, ಪಿಜಿ, ಮೇಲುಖರ್ಚು ಎಲ್ಲ ಸೇರಿ 7 ಲಕ್ಷದೊಳಗೆ, ಅಂದರೆ ನಿಮ್ಮ ಅಂಕಿಯ ಒಳಗೇ ಬರುತ್ತದೆ. ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಕ್ಕರೆ ಇನ್ನೂ ಕಡಿಮೆ. ಅವಳಿಗೆ ಬೆಂಗಳೂರು ಮುಖ್ಯವೋ ಕಂಪ್ಯೂಟರ್ ಸೈನ್ಸ್ ಮುಖ್ಯವೋ ಅಂತ ಆ ರಾತ್ರಿ ಕೇಳಿ. ಎರಡೂ ಅಂದರೆ ಮತ್ತೊಮ್ಮೆ ಕೇಳಿ. ಬಹಳ ಮಕ್ಕಳಿಗೆ ನಿಜವಾಗಿ ಬೇಕಿರುವುದು ಗೆಳತಿಯರ ಜೊತೆ, ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆ.

ನಾನಾಗಿದ್ದರೆ ಪಟ್ಟಿ ಹೀಗೆ ಮಾಡುತ್ತಿದ್ದೆ: ಮೊದಲು ದಾವಣಗೆರೆಯ ಸರ್ಕಾರಿ ಶುಲ್ಕದ ಕಂಪ್ಯೂಟರ್ ಸೈನ್ಸ್, ಅದರ ಕೆಳಗೆ ಬೆಂಗಳೂರಿನ ಸರ್ಕಾರಿ ಕಾಲೇಜು, ಆಮೇಲೆ ದಾವಣಗೆರೆಯ ಖಾಸಗಿ ಕಾಲೇಜಿನ ಸಿಇಟಿ ಸೀಟು, ಆಮೇಲೆ ಇದೇ ಕಾಲೇಜುಗಳ ಎಲೆಕ್ಟ್ರಾನಿಕ್ಸ್, ಕೊನೆಗೆ ಹಾವೇರಿ. ಬೆಂಗಳೂರಿನ ಖಾಸಗಿ ಕಾಲೇಜು ಪಟ್ಟಿಯಲ್ಲೇ ಇರುವುದಿಲ್ಲ. ಎರಡು ಲಕ್ಷ ಕೊರತೆ ಬೀಳುತ್ತದೆ, ಅದನ್ನು ತುಂಬಲು ಮತ್ತೆ ಗದ್ದೆಯೇ ನೆನಪಾಗುತ್ತದೆ. ಇದು ನನ್ನ ಪಟ್ಟಿ. ಅವಳು ಬೆಂಗಳೂರಿನ ಸರ್ಕಾರಿ ಕಾಲೇಜನ್ನು ಮೇಲಕ್ಕೆ ತಂದರೆ ತರಲಿ, 8 ಲಕ್ಷದ ಒಳಗಿರುವ ಯಾವುದನ್ನು ಎಲ್ಲಿಟ್ಟರೂ ಅದು ಅವಳಿಷ್ಟ. ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೆ ಪಟ್ಟಿ ಬದಲಿಸಲು ಅವಕಾಶ ಇರುತ್ತದೆ, ಆಗ ಇನ್ನೊಮ್ಮೆ ಕೂತುಕೊಳ್ಳಿ. ಮೊದಲ ಸುತ್ತಿನಲ್ಲಿ ಮನಸ್ಸಿಗೆ ಒಪ್ಪುವ ಸೀಟು ಸಿಕ್ಕರೆ ಚಾಯ್ಸ್ ಒಂದು ಒತ್ತಿ ಸೇರಿಕೊಳ್ಳಿ. ಇನ್ನೂ ಚೆನ್ನಾಗಿರುವುದು ಸಿಗಬಹುದು ಅನ್ನಿಸಿದರೆ ಚಾಯ್ಸ್ ಎರಡು, ಕೈಯಲ್ಲಿರುವ ಸೀಟು ಉಳಿಯುತ್ತದೆ. ಚಾಯ್ಸ್ ಮೂರು ಅಂದರೆ ಇದ್ದ ಸೀಟು ಬಿಟ್ಟ ಹಾಗೆ, ಧೈರ್ಯವಿದ್ದವರ ಆಟ.

ಮಗನ ವಿಷಯ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಅವನಿಗೂ ಎಂಜಿನಿಯರಿಂಗ್ ಆಸೆ ಇದ್ದರೆ ಹತ್ತನೇ ಕ್ಲಾಸಿನ ನಂತರ ಸರ್ಕಾರಿ ಪಾಲಿಟೆಕ್ನಿಕ್ ಯೋಚಿಸಿ. ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿ.ಇ.ಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಅವನು ಡಿಪ್ಲೊಮಾ ಮುಗಿಸುವ ಹೊತ್ತಿಗೆ ಅಕ್ಕನ ಓದು ಮುಗಿದಿರುತ್ತದೆ. ಎರಡು ಬಿ.ಇ. ಫೀಸು ಒಟ್ಟಿಗೆ ಬೀಳುವುದಿಲ್ಲ. ಗದ್ದೆ ಎರಡು ಎಕರೆ ಹಾಗೇ ಇದ್ದರೆ ಅವನು ಬಿ.ಇ. ಸೇರುವ ವರ್ಷ ಒಂದು ಬೆಳೆ ಸಾಲಕ್ಕೆ ಬ್ಯಾಂಕಿನವರು ನಿಮ್ಮನ್ನು ಕೂರಿಸಿ ಮಾತಾಡುತ್ತಾರೆ.